‘ತಿನ್ನುತ್ತಿದ್ದೆ’ ಅನ್ನೋದಕ್ಕೆ ಸ್ಪ್ಯಾನಿಷ್‌ನಲ್ಲಿ ಕೊಮೀಯಾನೋ, ಕೊಮೆರೀಯಾನೋ?

ಮಂಡಕ್ಕಿ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಕೊನೇ ವರ್ಷ ಓದುತ್ತಿದ್ದೇನೆ. ಸಂಜೆ ಅಪ್ಪನ ಅಂಗಡಿಯಲ್ಲಿ ಕೂತು, ಗಿರಾಕಿ ಇಲ್ಲದಾಗ ಸ್ಪ್ಯಾನಿಷ್ ನೋಟ್‌ಬುಕ್ ತೆಗೆಯುತ್ತೇನೆ. ಇಲ್ಲಿವರೆಗೆ ಚೆನ್ನಾಗಿಯೇ ನಡೆದಿತ್ತು. ಕಂಡೀಷನಲ್ (‘ಹೀಗಿದ್ದರೆ ಹಾಗೆ ಮಾಡುತ್ತಿದ್ದೆ’ ಅನ್ನೋ ರೂಪ) ಶುರುವಾದ ಮೇಲೆ ಒಂದೂ ತಲೆಗೆ ಹೋಗುತ್ತಿಲ್ಲ. ಹೋದ ವಾರದ ಟೆಸ್ಟ್‌ನಲ್ಲಿ ಹತ್ತಕ್ಕೆ ಮೂರು ಬಂತು. ‘ಹಸಿವಿದ್ದಿದ್ದರೆ ತಿನ್ನುತ್ತಿದ್ದೆ’ ಅನ್ನೋದಕ್ಕೆ ‘ಕೊಮೀಯಾ’ ಅಂತ ಬರೆದೆ. ಸರಿ ಉತ್ತರ ‘ಕೊಮೆರೀಯಾ’ ಅಂತೆ. ಎರಡೂ ‘ತಿನ್ನುತ್ತಿದ್ದೆ’ ತಾನೇ? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ದುರ್ಗದವನು:
ನಿಮ್ಮನ್ನು ಎಡವಿಸಿದ್ದು ಸ್ಪ್ಯಾನಿಷ್ ಅಲ್ಲ, ನಮ್ಮ ಕನ್ನಡ. ನನಗೂ ಹೀಗೇ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

‘ಚಿಕ್ಕವಳಿದ್ದಾಗ ದಿನಾ ಬೆಣ್ಣೆ ದೋಸೆ ತಿನ್ನುತ್ತಿದ್ದೆ.’ ಇದು ನಿಜವಾಗಿ ನಡೆದದ್ದು. ಇಲ್ಲಿ ಕೊಮೀಯಾ.
‘ಹಸಿವಿದ್ದಿದ್ದರೆ ಇನ್ನೊಂದು ತಿನ್ನುತ್ತಿದ್ದೆ.’ ದೋಸೆ ತಟ್ಟೆಗೆ ಬರಲೇ ಇಲ್ಲ, ಬರೀ ಮಾತು. ಇಲ್ಲಿ ಕೊಮೆರೀಯಾ.

ನಾವು ಎರಡಕ್ಕೂ ಒಂದೇ ಕ್ರಿಯಾಪದ ಬಳಸುತ್ತೇವೆ, ಅವರು ಬೇರೆ ಮಾಡಿದ್ದಾರೆ. ಬರೆಯೋ ಮುಂಚೆ ‘ಇದು ನಡೆದಿತ್ತಾ?’ ಅಂತ ಒಂದು ಸಲ ಕೇಳಿಕೊಳ್ಳಿ.

ರೂಪ ಮಾಡೋದು ಸಲೀಸು. ಕೊಮೀಯಾದಲ್ಲಿ ‘ಕೊಮೇರ್’ (ತಿನ್ನು) ಅನ್ನೋ ಮೂಲ ರೂಪದ ಬಾಲ ‘ಏರ್’ ಕತ್ತರಿಸಿ ‘ಈಯಾ’ ಹಚ್ಚುತ್ತೀರಿ. ಕಂಡೀಷನಲ್‌ನಲ್ಲಿ ಏನೂ ಕತ್ತರಿಸಬೇಡಿ. ಇಡೀ ಕೊಮೇರ್ ಹಾಗೇ ಇರಲಿ, ಅದರ ಕೊನೆಗೆ ಅದೇ ‘ಈಯಾ’ ಬಾಲ ಸೇರಿಸಿ: ಕೊಮೆರೀಯಾ, ಕೊಮೆರೀಯಾಸ್, ಕೊಮೆರೀಯಾ, ಕೊಮೆರೀಯಾಮೋಸ್, ಕೊಮೆರೀಯಾಯಿಸ್, ಕೊಮೆರೀಯಾನ್. ‘ನಾನು’ ಮತ್ತು ‘ಅವನು’ ಎರಡಕ್ಕೂ ಒಂದೇ ರೂಪ. ಆಬ್ಲಾರ್ (ಮಾತಾಡು), ಬಿಬೀರ್ (ಬದುಕು) ಇವಕ್ಕೂ ಇವೇ ಬಾಲ: ಆಬ್ಲರೀಯಾ, ಬಿಬಿರೀಯಾ. ಆರ್, ಏರ್, ಈರ್ ಅಂತ ಮುಗಿಯುವ ಮೂರು ಗುಂಪಿಗೂ ಒಂದೇ ಬಾಲ ಅಂದರೆ ಎಷ್ಟು ಆರಾಮ ನೋಡಿ. ಒತ್ತು ಯಾವಾಗಲೂ ‘ಈ’ ಮೇಲೆ. ಬರೆಯುವಾಗ ಆ ‘ಐ’ ಅಕ್ಷರದ ತಲೆ ಮೇಲಿನ ಗೀಟು ಮರೆಯಬೇಡಿ, ಆರೂ ರೂಪಕ್ಕೂ ಬೇಕು.

ಹರಿಹರ_ರಸ್ತೆ:
ಐದನೇ ರೂಪಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅದು ಸ್ಪೇನ್ ಕಡೆ ನಡೆಯುತ್ತೆ. ಮೆಕ್ಸಿಕೋದಲ್ಲಿ ‘ನೀವೆಲ್ಲ’ ಅನ್ನೋದಕ್ಕೂ ಆರನೆಯದನ್ನೇ ಹೇಳುತ್ತಾರೆ.

ಮಂಡಕ್ಕಿ_ದಾವಣಗೆರೆ:
ತುಂಬಾ ಥ್ಯಾಂಕ್ಸ್ ಸರ್! ದೋಸೆ ತಟ್ಟೆಗೆ ಬಂತಾ ಇಲ್ವಾ, ಇಷ್ಟೇ ನೋಡಿಕೊಂಡರೆ ಸಾಕು. ‘ದುಡ್ಡಿದ್ದರೆ ಮನೆ ಕೊಳ್ಳುತ್ತಿದ್ದೆ’ ಅಂತ ನಾನೇ ಬರೆದಿದ್ದೇನೆ, ನೋಡಿ: ‘ಸಿ ತೆನೆರೀಯಾ ದಿನೇರೊ, ಕೊಂಪ್ರರೀಯಾ ಉನಾ ಕಾಸಾ.’

ದುರ್ಗದವನು:
ಕೊಂಪ್ರರೀಯಾ ಪಕ್ಕಾ ಸರಿ. ಮೊದಲರ್ಧ ತಪ್ಪು. ನಮ್ಮ ‘ರೆ’ ಬರುವ ಕಡೆ, ಅಂದರೆ ‘ಸಿ’ ಆದ ಮೇಲೆ, ಕಂಡೀಷನಲ್ ಹಾಕಬಾರದು. ಅಲ್ಲಿ ತೆನೇರ್ (ಹೊಂದಿರು) ಪದದ ಬೇರೆ ರೂಪ ‘ತುಬಿಯೇರಾ’ ಬರಬೇಕು: ‘ಸಿ ತುಬಿಯೇರಾ ದಿನೇರೊ, ಕೊಂಪ್ರರೀಯಾ ಉನಾ ಕಾಸಾ.’ ಇನ್ನೊಂದು, ತೆನೇರ್ ನಿಯಮ ಮುರಿಯುವ ಗುಂಪಿನದು. ಅದರ ಕಂಡೀಷನಲ್ ‘ತೆಂದ್ರೀಯಾ’, ತೆನೆರೀಯಾ ಅಲ್ಲ. ಅಂಥವು ಹತ್ತು ಹನ್ನೆರಡು ಇವೆ. ಈ ವಾರ ಅವನ್ನು ಮುಟ್ಟಬೇಡಿ. ಕೊಮೇರ್, ಆಬ್ಲಾರ್, ಬಿಬೀರ್ ಮೂರನ್ನೂ ಬಾಯಿಬಿಟ್ಟು ಹೇಳಿ, ಆಮೇಲೆ ಐದು ವಾಕ್ಯ ಇಲ್ಲೇ ಹಾಕಿ. ನೋಡಿ ತಿದ್ದುತ್ತೇನೆ.