40,000 ರೂಪಾಯಿಯೊಳಗೆ ಪ್ರವಾಸಕ್ಕೊಪ್ಪುವ ಡಿಎಸ್‌ಎಲ್‌ಆರ್ ಯಾವುದು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬರುವ ಡಿಸೆಂಬರಿನಲ್ಲಿ ಮನೆಯವರೊಂದಿಗೆ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ನೋಡಿ ಬರುವ ಆಲೋಚನೆಯಿದೆ. ಇಷ್ಟು ದಿನ ಮೊಬೈಲಿನಲ್ಲೇ ಫೋಟೋ ತೆಗೆಯುತ್ತಿದ್ದೆ. ಆದರೆ ಗುಡಿಯೊಳಗಿನ ಮಂದ ಬೆಳಕಿನಲ್ಲಿ ಕಂಬಗಳ ಕುಸುರಿಯೆಲ್ಲ ಕಲಸಿದಂತೆ ಬರುವುದನ್ನು ಕಂಡು ಬೇಸರವಾಗಿ, ಮೊದಲ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಕೊಳ್ಳಲು ನಿರ್ಧರಿಸಿದ್ದೇನೆ. ಲೆನ್ಸ್, ಬ್ಯಾಗ್, ಕಾರ್ಡ್ ಎಲ್ಲ ಸೇರಿ 40,000 ರೂಪಾಯಿ ಮೀರುವಂತಿಲ್ಲ. ನಿಕಾನ್ ಡಿ3500, ಕ್ಯಾನನ್ 1500ಡಿ, ಕ್ಯಾನನ್ 200ಡಿ ಮಾರ್ಕ್ 2, ಈ ಮೂರರಲ್ಲಿ ಯಾವುದು ಸರಿ? ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ.

ಉತ್ತರ 1:
ಮೂರರಲ್ಲೂ ಇರುವುದು ಸುಮಾರು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಸೆರೆಹಿಡಿಯುವ ಚಿಪ್). ಹಾಗಾಗಿ ಆ ಅಂಕಿಯನ್ನು ಬದಿಗಿಡಿ. ತಾವು ಹೋಗುವ ಜಾಗಗಳನ್ನು ನೋಡಿದರೆ ನಾನು 200ಡಿ ಮಾರ್ಕ್ 2 ಅನ್ನೇ ಹೇಳುತ್ತೇನೆ, ಏಕೆಂದರೆ ಅದರ ಪರದೆ ಪಕ್ಕಕ್ಕೆ ತೆರೆದು ತಿರುಗುತ್ತದೆ, ಉಳಿದೆರಡರ ಪರದೆ ಅಲುಗುವುದಿಲ್ಲ. 13ನೇ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ತಲೆಯೆತ್ತಿದರೆ ಒಂದರಂತೆ ಇನ್ನೊಂದಿಲ್ಲದ ಭುವನೇಶ್ವರಿಗಳಿವೆ (ಕೆತ್ತನೆಯ ಒಳಛಾವಣಿಗಳು). ಇಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಪಡೆಯಬೇಕಾದ್ದರಿಂದ, ನಾನು ಕ್ಯಾಮೆರಾವನ್ನು ಮಡಚಿದ ಟವೆಲ್ಲಿನ ಮೇಲೆ ಮೇಲ್ಮುಖವಾಗಿ ನೆಲದಲ್ಲಿಟ್ಟು, ತೆರೆದ ಪರದೆಯಲ್ಲಿ ಚೌಕಟ್ಟು ಸರಿಪಡಿಸಿಕೊಂಡು, ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟು, 10 ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿದೆ. ಕ್ಯಾಮೆರಾದ ಜೊತೆಗೆ ಬರುವ 18-55 ಮಿ.ಮೀ. ಲೆನ್ಸಿನಲ್ಲೇ ಬಾಳೆಮೊಗ್ಗಿನಂಥ ಆ ಕೆತ್ತನೆಯ ಎಸಳುಗಳನ್ನು ಎಣಿಸುವಷ್ಟು ಸ್ಪಷ್ಟವಾದ ಚಿತ್ರ ಬಂತು.

ಉತ್ತರ 2:
ಮೇಲಿನ ಮಾತು ಸರಿಯೇ, ಆದರೂ ಡಿ3500 ಅನ್ನು ತಳ್ಳಿಹಾಕಬೇಡಿ. ಬ್ಯಾಟರಿ, ಕಾರ್ಡ್ ಸೇರಿ ಅದರ ಬಾಡಿ (ಲೆನ್ಸ್ ಇಲ್ಲದ ಕ್ಯಾಮೆರಾ) 415 ಗ್ರಾಂ; ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಲ್ಲಿ 1,550 ಚಿತ್ರಗಳು. ಆದರೆ ಫೋಕಸ್ ಮೋಟಾರ್ ಬಾಡಿಯಲ್ಲಿ ಇಲ್ಲದಿರುವುದರಿಂದ, ಅಗ್ಗಕ್ಕೆ ಸಿಗುವ ನಿಕಾನ್‌ನ ಹಳೆಯ ಎಎಫ್-ಡಿ ಮಾದರಿಯ ಲೆನ್ಸುಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ಉತ್ತರ 3:
ಬಾಡಿ ಯಾವುದೇ ಇರಲಿ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಲೆನ್ಸನ್ನು ದಯವಿಟ್ಟು ಕೈಯಲ್ಲಿ ಹಿಡಿದು ನೋಡಿ. ತೀರ್ಥಹಳ್ಳಿ ಕಡೆಯ ನಮ್ಮ ಮಳೆಯಲ್ಲಿ ಗಾಜಿಗೂ ಬೂಷ್ಟು ಹಿಡಿಯುತ್ತದೆ. ನಾನು ನಂಬಿಕೆಯ ಮೇಲೆ ಕೊಂಡ 55-250 ಮಿ.ಮೀ. ಜೂಮ್ ಲೆನ್ಸಿನ ಒಳಗೆ ಮನೆಗೆ ಬಂದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ, ಅಂಚಿನಿಂದ ನಡುವಿನವರೆಗೂ ಜೇಡರ ಬಲೆಯಂಥ ಎಳೆಗಳು ಹಬ್ಬಿದ್ದವು. ಕೊಟ್ಟ ಹಣ ಮರಳಲಿಲ್ಲ. ಆದ್ದರಿಂದ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬೆಳಕು ಹಾಯಿಸಿ ಪರೀಕ್ಷಿಸಿ. ಎಫ್/16ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದರೆ ಸೆನ್ಸರ್ ಮೇಲಿನ ಧೂಳೂ ಚುಕ್ಕೆಗಳಾಗಿ ಕಾಣುತ್ತದೆ. ಕೊಂಡ ಮೇಲೆ ಬಟ್ಟೆಯ ಬ್ಯಾಗಿನಲ್ಲೇ ಬಿಡದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.