ಬಾವಿ ತೋಡುವಾಗ ಸಿಕ್ಕ ಹರಳುಗಲ್ಲುಗಳನ್ನು ಅಂಗಳದಲ್ಲಿ ಇಡಬಹುದೇ?

ಪ್ರಶ್ನೆ (ವಾಘೋಲಿ, ಪುಣೆ):
ನಮಸ್ಕಾರ. ನಮ್ಮ ಜಾಗದಲ್ಲಿ ಬಾವಿ ತೋಡಿಸುವಾಗ ಕಪ್ಪುಕಲ್ಲಿನ ನಡುವೆ ಟೊಳ್ಳಾದ ಉಂಡೆಗಲ್ಲುಗಳು ಸಿಕ್ಕಿವೆ. ಒಡೆದ ಒಂದರ ಒಳಗೋಡೆಯಲ್ಲಿ ನಸುಗೆಂಪು ಹರಳುಗಳು ಬೀಸಣಿಗೆಯಂತೆ ಹರಡಿಕೊಂಡಿವೆ. ಇವನ್ನು ತುಳಸಿಕಟ್ಟೆಯ ಸುತ್ತ ಜೋಡಿಸಿದರೆ ಮಳೆಗಾಲವನ್ನು ತಾಳಿಕೊಳ್ಳುತ್ತವೆಯೇ? ಇನ್ನಷ್ಟು ಬೇಕಾದರೆ ಎಲ್ಲಿ ಹುಡುಕಬೇಕು?

ಉತ್ತರ 1 (ಭೂವಿಜ್ಞಾನ ಶಿಕ್ಷಕ):
ಅಮ್ಮಾ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಹರಿದ ಲಾವಾ ಆರುವಾಗ ಅದರೊಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳೇ ಈ ಟೊಳ್ಳುಗಳು. ಆಮೇಲೆ ಖನಿಜ ಕರಗಿದ ನೀರು ಅವುಗಳೊಳಗೆ ಇಳಿದು ಹರಳುಗಟ್ಟಿತು. ನೀವು ಬಣ್ಣಿಸಿದ್ದು ಬಹುಶಃ ಸ್ಟಿಲ್ಬೈಟ್ ಎಂಬ ಖನಿಜ. ಖನಿಜಗಳ ಗಡಸುತನವನ್ನು ಅಳೆಯುವ 1ರಿಂದ 10ರ ಮೋಸ್ ಮಾಪಕದಲ್ಲಿ ಅದರದು 3.5ರಿಂದ 4 ಮಾತ್ರವಾದ್ದರಿಂದ ಗೀಚು ಬೇಗ ಬೀಳುತ್ತದೆ, ಪೆಟ್ಟು ತಗುಲಿದರೆ ಪದರವೇ ಏಳುತ್ತದೆ. ದಯವಿಟ್ಟು ಅದನ್ನು ಸೂರಿನ ಕೆಳಗೆ ಇಡಿ. ಗಡಸುತನ 7 ಇರುವ ಬಿಳಿ ಸ್ಫಟಿಕದ ಕಲ್ಲುಗಳು ಅಂಗಳಕ್ಕೆ ಸೂಕ್ತ. ಕಕ್ಕಸು ತೊಳೆಯುವ ಆಸಿಡ್ಡನ್ನು ಯಾವುದಕ್ಕೂ ಸೋಕಿಸಬೇಡಿ. ನೀರು ಮತ್ತು ಮೆದು ಬ್ರಷ್ ಸಾಕು.

ಉತ್ತರ 2 (ಕೈತೋಟದವರು, ಕೋಥ್ರೂಡ್):
ಕಲ್ಲಿನ ಮೂರನೇ ಒಂದು ಭಾಗವನ್ನು ಜಲ್ಲಿಯಲ್ಲಿ ಹೂತು, ಬಾಯಿಯನ್ನು ಸ್ವಲ್ಪ ಕೆಳಮುಖವಾಗಿ ವಾಲಿಸಿದರೆ ನೀರು ನಿಲ್ಲುವುದಿಲ್ಲ, ಸೊಳ್ಳೆಯೂ ಮರಿಮಾಡುವುದಿಲ್ಲ. ನೇರಳೆ ಅಮೆಥಿಸ್ಟ್ ಇದ್ದರೆ ನೆರಳಿನಲ್ಲಿಡಿ, ಬಿಸಿಲಿಗೆ ಅದರ ಬಣ್ಣ ಮಾಸುತ್ತದೆ.

ಉತ್ತರ 3 (ಹವ್ಯಾಸಿ ಸಂಗ್ರಾಹಕ):
ವಾಘೋಲಿಯ ಕಲ್ಲುಗಣಿಗಳು ಕ್ಯಾವನ್ಸೈಟ್ ಎಂಬ ನೀಲಿ ಹರಳಿಗೆ ಜಗತ್ಪ್ರಸಿದ್ಧ. ಆದರೆ ಅಲ್ಲಿ ಸಿಡಿಮದ್ದು ಸ್ಫೋಟಿಸುತ್ತಾರೆ. ಮಾಲೀಕರ ಅನುಮತಿಯಿಲ್ಲದೆ ಕಾಲಿಡಬೇಡಿ. ಅರಣ್ಯ ಇಲಾಖೆಯ ಗುಡ್ಡಗಳಿಂದಲೂ ಕಲ್ಲು ತರಬೇಡಿ. ಬಾವಿಯಿಂದ ಎತ್ತಿಹಾಕಿದ ರಾಶಿಯನ್ನೇ ಮೊದಲು ನಿಧಾನವಾಗಿ ಜಾಲಾಡಿ: ಗಾತ್ರಕ್ಕಿಂತ ಹಗುರವೆನಿಸುವ ಉಂಡೆಗಳನ್ನು ಬೇರೆ ತೆಗೆದಿಡಿ.