ಕರು ಮೊಲೆ ಹಿಡಿಯುತ್ತಿಲ್ಲ, ಗಿಣ್ಣು ಹಾಲು ಎಷ್ಟು ಕುಡಿಸಬೇಕು?

ಪ್ರಶ್ನೆ: ಹಸು ಕರು ಹಾಕಿ ಎರಡು ಗಂಟೆಯಾಯಿತು. ಕರು ಸುಮಾರು 35 ಕೆಜಿ. ಎದ್ದು ನಿಂತಿದೆ, ಬೆರಳು ಚೀಪುತ್ತದೆ, ಮೊಲೆ ಮಾತ್ರ ಹಿಡಿಯುತ್ತಿಲ್ಲ. ಈಯುವ ಎರಡು ದಿನ ಮುಂಚಿನಿಂದಲೇ ಕೆಚ್ಚಲು ಸೋರುತ್ತಿತ್ತು, ಈಗ ಗಿಣ್ಣು ತೆಳ್ಳಗೆ ಬರುತ್ತಿದೆ. ಇನ್ನೊಂದು ಹಸುವಿನ ಗಿಣ್ಣು ಫ್ರೀಜರ್‌ನಲ್ಲಿದೆ. ಯಾವುದು ಕುಡಿಸಲಿ? ಕಸ (ಮಾಸು) ಇನ್ನೂ ಬಿದ್ದಿಲ್ಲ, ಅಲ್ಲಿಯವರೆಗೆ ಕಾಯಬೇಕೇ?

ಉತ್ತರ 1: ಖಂಡಿತ ಕಾಯಬೇಡಿ. ಹಾಲು ಕರೆದರೆ ಗರ್ಭಕೋಶ ಕುಗ್ಗಿ ಕಸ ಬೀಳಲು ಸಹಾಯವೇ ಆಗುತ್ತದೆ. ಹಸುಗಳಲ್ಲಿ ತಾಯಿಯ ಪ್ರತಿಕಾಯಗಳು (ರೋಗದ ವಿರುದ್ಧ ಹೋರಾಡುವ ಪ್ರೋಟೀನ್‌ಗಳು) ಗರ್ಭದಲ್ಲಿರುವ ಕರುವಿಗೆ ದಾಟುವುದಿಲ್ಲ, ಎಲ್ಲವೂ ಗಿಣ್ಣಿನಿಂದಲೇ ಸಿಗಬೇಕು. ಅವನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುವ ಶಕ್ತಿ ಕರುಳಿಗೆ ಮೊದಲ ಆರು ಗಂಟೆ ಚೆನ್ನಾಗಿರುತ್ತದೆ, 24 ಗಂಟೆಗೆ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ನಾಳೆ ಬಕೆಟ್‌ಗಟ್ಟಲೆ ಕುಡಿಸಿದರೂ ಇವತ್ತಿನ ನಷ್ಟ ತುಂಬುವುದಿಲ್ಲ. ತೂಕದ ಶೇ. 10, ಅಂದರೆ ಮೂರೂವರೆ ಲೀಟರ್ ಈಗಲೇ ಕುಡಿಸಿ. 12 ಗಂಟೆಯೊಳಗೆ ಇನ್ನೆರಡು ಲೀಟರ್.

ಉತ್ತರ 2: ಬಣ್ಣ, ಮಂದ ನೋಡಿ ಗುಣಮಟ್ಟ ಹೇಳಲಾಗದು. ಬ್ರಿಕ್ಸ್ ಮೀಟರ್ (ಗಿಣ್ಣಿನ ಸಾಂದ್ರತೆ ಅಳೆಯುವ ಸಾಧನ) ಇದ್ದರೆ ಒಂದು ಹನಿ ಹಾಕಿ ನೋಡಿ: 22ಕ್ಕಿಂತ ಮೇಲಿದ್ದರೆ ಒಳ್ಳೆಯದು. ಮೀಟರ್ ಇಲ್ಲದಿದ್ದರೆ, ಸೋರಿದ ಕೆಚ್ಚಲಿನ ಗಿಣ್ಣಿಗಿಂತ ಫ್ರೀಜರ್‌ನದ್ದೇ ಮೇಲು. ಆದರೆ ಅದು ಈದ ನಂತರದ ಮೊದಲ ಕರಾವಿನದ್ದಾಗಿರಬೇಕು, ಆ ಹಸುವಿಗೆ ಕ್ಷಯ, ಬ್ರುಸೆಲ್ಲಾ, ಜೋನ್ಸ್‌ನಂಥ ಹಾಲಿನಿಂದ ಹರಡುವ ಕಾಯಿಲೆ ಇರಬಾರದು. ಬಾಟಲಿಯನ್ನು 50 ಡಿಗ್ರಿ ನೀರಿನಲ್ಲಿಟ್ಟು ಕರಗಿಸಿ. 60 ದಾಟಿದರೆ ಪ್ರತಿಕಾಯ ಕೆಡುತ್ತದೆ, ಒಲೆಯ ಮೇಲಂತೂ ಇಡಲೇಬೇಡಿ. ಕುಡಿಸುವಾಗ 38-39 ಡಿಗ್ರಿ ಇರಲಿ, ನೀರು ಬೆರೆಸಬೇಡಿ. ತಾಯಿಯ ಗಿಣ್ಣನ್ನೂ ಚೆಲ್ಲಬೇಡಿ. ಮುಂದಿನ ಮೂರು ದಿನ ಕುಡಿಸಿದರೆ ಕರುಳಿನ ಒಳಗೋಡೆಗೆ ರಕ್ಷಣೆ, ಭೇದಿ ಕಡಿಮೆ.

ಉತ್ತರ 3: ಬೆರಳು ಚೀಪುತ್ತಿದೆ ಅಂದರೆ ನಿಪ್ಪಲ್ ಬಾಟಲಿ ಸಾಕು. ಚೀಪಿದಾಗ ಹಾಲು ನೇರ ನಾಲ್ಕನೇ ಹೊಟ್ಟೆಗೆ ಇಳಿಯುತ್ತದೆ. ಗೊಟ್ಟದಲ್ಲಿ (ಬಾಯಿಗೆ ಸುರಿಯುವ ಬಿದಿರಿನ ಕೊಳವೆ) ಸುರಿಯಬೇಡಿ, ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಗ್ಯಾರಂಟಿ. ಬಾಟಲಿ, ನಿಪ್ಪಲ್ ಬಿಸಿನೀರಲ್ಲಿ ತೊಳೆದಿರಲಿ: ಕೊಳಕಿನ ಬ್ಯಾಕ್ಟೀರಿಯಾ ಕರುಳಿಗೆ ಮೊದಲು ತಲುಪಿದರೆ ಪ್ರತಿಕಾಯ ಹೀರುವಿಕೆಗೇ ಅಡ್ಡಿ. ಹೊಕ್ಕುಳ ಬಳ್ಳಿಯನ್ನೂ ಶೇ. 7ರ ಟಿಂಚರ್ ಅಯೋಡಿನ್‌ನಲ್ಲಿ ಪೂರ್ತಿ ಅದ್ದಿ.

ಪ್ರಶ್ನೆ ಕೇಳಿದವರು: ಎರಡು ಲೀಟರ್ ಕುಡಿದು ಮುಖ ತಿರುಗಿಸುತ್ತಿದೆ.

ಉತ್ತರ 1: ಒತ್ತಾಯ ಬೇಡ. ಒಂದೂವರೆ ಗಂಟೆ ಬಿಟ್ಟು ಉಳಿದದ್ದು ಕೊಡಿ. ಆಗಲೂ ಚೀಪದಿದ್ದರೆ ಪಶುವೈದ್ಯರನ್ನು ಕರೆಸಿ ಬಾಯಿಯಿಂದ ಹೊಟ್ಟೆಗೆ ಟ್ಯೂಬ್ ಹಾಕಿಸಿ ಕುಡಿಸಿ, ಆರು ಗಂಟೆ ದಾಟುವ ಮುಂಚೆ.